ಗೋಲಿಗೆ ಚಪ್ಪಾಳೆ, ಗುರುವಿಗೆ ಏನು?

ಫುಟ್‌ಬಾಲ್ ಅಂದರೆ ನಮ್ಮ ಜನಕ್ಕೆ ಕಾಣುವುದು ಗೋಲು ಹೊಡೆದವನು ಮಾತ್ರ. ಆ ಚೆಂಡನ್ನು ಅವನ ಕಾಲಿಗೆ ತಂದುಕೊಟ್ಟವನು ಯಾರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಮಿಡ್‌ಫೀಲ್ಡರ್‌ನ ಹಣೆಬರಹವೇ ಅಷ್ಟು. ಅವನೇ ಮುಂದೆ ಕೋಚ್ ಆದನೋ, ಮುಗಿಯಿತು, ಕೇಳುವವರೇ ಇಲ್ಲ.

ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ ಅವರನ್ನೇ ನೋಡಿ. 1971ರಲ್ಲಿ ಹುಟ್ಟಿದವರು. ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಡಿಯಿತು. ಅದರಲ್ಲಿ ಮೂರು ಗೋಲು ಈ ಮಿಡ್‌ಫೀಲ್ಡರ್‌ನದು! ಆಮೇಲೆ ಪಂಜಾಬಿನ ಜೆ.ಸಿ.ಟಿ. ಅಲ್ಲಿ ವಿಜಯನ್, ಭುಟಿಯಾ ಜೊತೆ ಆಡಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 1997ರಲ್ಲಿ ಭಾರತ ಸ್ಯಾಫ್ ಕಪ್ ಎತ್ತಿದಾಗ ನಾಯಕ ಇವರೇ. 2001ರಲ್ಲಿ ಈಸ್ಟ್ ಬೆಂಗಾಲ್‌ಗೆ ಲೀಗ್ ಗೆದ್ದುಕೊಟ್ಟು ಆಟ ನಿಲ್ಲಿಸಿದರು.

ಇಲ್ಲಿಯವರೆಗಿನ ಕಥೆ ಆಟದ ಹುಚ್ಚಿದ್ದವರಿಗೆಲ್ಲ ಗೊತ್ತು. ಆಮೇಲಿನದು?

2002ರಿಂದ ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಪಾಠ ಹೇಳಿದರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಲೆಕ್ಕ ಹಾಕಿ, ಎಷ್ಟು ಊರು, ಎಷ್ಟು ಗಂಟುಮೂಟೆ! ಭಾರತ ತಂಡದ ಮಾಜಿ ನಾಯಕನಿಗೆ ಒಂದು ಕಡೆ ನೆಲೆಯಾಗಿ ನಿಲ್ಲುವ ಕೆಲಸ ಇರಲಿಲ್ಲ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ದುಡ್ಡು ಬಂತು, ಟಿ.ವಿ. ಬಂತು, ಸಿನಿಮಾ ನಟರು ಮಾಲೀಕರಾದರು. ಮುಖ್ಯ ಕೋಚ್ ಕುರ್ಚಿ ಮಾತ್ರ ವಿದೇಶದವರಿಗೆ. ನಮ್ಮವರು ಪಕ್ಕದಲ್ಲಿ ನಿಂತು ಕೋನ್ ಜೋಡಿಸಬೇಕು. ಆ ಕುರ್ಚಿಯಲ್ಲಿ ಖಾಯಂ ಆಗಿ ಕೂತ ಮೊದಲ ಭಾರತೀಯ ಖಾಲಿದ್ ಜಮೀಲ್, ಅದೂ 2021ರಲ್ಲಿ. ಅವರೂ ಮಿಡ್‌ಫೀಲ್ಡರೇ. ಐಜ್ವಾಲ್‌ನಂಥ ಬಡ ತಂಡಕ್ಕೆ 2017ರಲ್ಲೇ ಐ-ಲೀಗ್ ಗೆದ್ದುಕೊಟ್ಟಿದ್ದರೂ ನಾಲ್ಕು ವರ್ಷ ಕಾಯಬೇಕಾಯಿತು. 2025ರಲ್ಲಿ ಅವರು ಭಾರತ ತಂಡಕ್ಕೇ ಕೋಚ್ ಆದರು. ನಮ್ಮವರ ಕೈಲಿ ಆಗೋದಿಲ್ಲ ಅಂದವರು ಈಗ ಏನು ಹೇಳುತ್ತಾರೋ?

ಚಾಪ್ಮನ್ ಅದನ್ನು ನೋಡಲು ಇರಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 49. ಅವತ್ತು ಶೋಕಸಂದೇಶಗಳಿಗೆ ಬರವಿರಲಿಲ್ಲ.

ಸತ್ತ ಮೇಲೆ ಹಾರ ಹಾಕುವುದಕ್ಕೆ ಖರ್ಚು ಕಡಿಮೆ ಸ್ವಾಮಿ. ಬದುಕಿದ್ದಾಗ ಸಂಬಳ ಕೊಡುವುದು ಕಷ್ಟ. ಮಧ್ಯದಲ್ಲಿ ನಿಂತು ಆಡಿದವನಿಗೆ ಇಡೀ ಮೈದಾನ ಕಾಣುತ್ತದೆ. ಯಾರು ಎಲ್ಲಿ ಓಡುತ್ತಾನೆ, ಯಾರಿಗೆ ಉಸಿರು ಕಟ್ಟಿದೆ ಅನ್ನುವುದು ಅವನಿಗೆ ಕರತಲಾಮಲಕ. ಹುಡುಗರನ್ನು ಬೆಳೆಸುವುದಕ್ಕೆ ಇದಕ್ಕಿಂತ ಬಂಡವಾಳ ಬೇಕೆ?

ಹಲಸೂರಿನ ಗೌತಮಪುರದಲ್ಲಿ, ಆಸ್ಟಿನ್ ಟೌನಿನಲ್ಲಿ ಇವತ್ತಿಗೂ ಹುಡುಗರು ಸಂಜೆಯಾದರೆ ಚೆಂಡಿನ ಹಿಂದೆ ಓಡುತ್ತಾರೆ. ಅವರ ಕೈಗೆ ಸಿಗುವಂತೆ ಹಳೆಯ ಆಟಗಾರರನ್ನು ನೇಮಿಸಿ. ಟೂರ್ನಮೆಂಟ್ ಸಮಯಕ್ಕೆ ಗೌರವಧನ ಅಂತಲ್ಲ, ಹನ್ನೆರಡು ತಿಂಗಳ ಸಂಬಳಕ್ಕೆ. ಕ್ರೀಡಾ ಇಲಾಖೆಗೂ ಫುಟ್‌ಬಾಲ್ ಸಂಸ್ಥೆಗೂ ನಮ್ಮದು ಇದೊಂದೇ ಬೇಡಿಕೆ. ಮುಂದಿನ ಚಾಪ್ಮನ್ ಹೊಟ್ಟೆಪಾಡಿಗೆ ಊರೂರು ಅಲೆಯುವುದು ಬೇಡ.