ಮಾರುವಾಗ ಕನ್ನಡ, ಸಹಿ ಹಾಕಿಸುವಾಗ ಇಂಗ್ಲಿಷ್

ಕಳೆದ ತಿಂಗಳು ಗ್ರಂಥಾಲಯದಲ್ಲಿ ಓದುತ್ತ ಕೂತಿದ್ದಾಗ ನಮ್ಮ ವಿಭಾಗದ ಹಿರಿಯ ಸಂಶೋಧಕರೊಬ್ಬರು ಬಂದು, ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ತಿರುಗಿಸಿ ನೋಡಿದರು. ಶಾಸನ ಸಂಪುಟವೋ ಕಾದಂಬರಿಯೋ ಇರಬೇಕೆಂದುಕೊಂಡಿದ್ದರೇನೋ. ಅದು ಹೂಡಿಕೆ ಸಲಹೆಗಾರರ ಪರೀಕ್ಷೆಯ ಪಠ್ಯ. “ಏನಮ್ಮಾ, ಪಿಎಚ್‌.ಡಿ. ಬಿಟ್ಟು ಶೇರುಪೇಟೆಗೆ ಹೊರಟೆಯಾ?” ಎಂದು ನಕ್ಕರು. ನಾನೂ ನಕ್ಕೆ. ಹಾಸ್ಟೆಲಿಗೆ ಬಂದ ಮೇಲೆ ಆ ನಗು ಕಾಡತೊಡಗಿತು. ಅವರ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಆದರೆ ಸಾಹಿತ್ಯ ಓದುವವರಿಗೆ ದುಡ್ಡಿನ ಓದು ತಕ್ಕದ್ದಲ್ಲ ಎಂಬ ಹಳೆಯ ನಂಬಿಕೆ ಅದರಲ್ಲಿತ್ತು. ಆ ನಂಬಿಕೆಗೆ ನಮ್ಮ ಮನೆ ತೆತ್ತ ಬೆಲೆ ಎಷ್ಟೆಂದು ನಾನು ಲೆಕ್ಕ ಹಾಕಿದ್ದೇನೆ. ಅದನ್ನು ಹೇಳಿಯೇ ಮುಂದಿನ ಮಾತು.

ನಮ್ಮಪ್ಪ ತಿಪಟೂರು ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಇಡುಗಂಟು ಖಾತೆಗೆ ಬಿದ್ದ ವಾರವೇ ಬ್ಯಾಂಕಿನಿಂದ ಫೋನು ಬಂತು. ಹೋದರು. ಒಳಗಿನ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿಕೊಟ್ಟ ಹುಡುಗ ಹೇಳಿದ್ದು ಇಷ್ಟು: “ಮೇಷ್ಟ್ರೇ, ವರ್ಷಕ್ಕೆ ಎರಡು ಲಕ್ಷದ ಹಾಗೆ ಐದು ವರ್ಷ ಕಟ್ಟಿ. ಆಮೇಲೆ ಸುಮ್ನಿರಿ. ಹತ್ತು ವರ್ಷ ತುಂಬಿದಾಗ ಹದಿಮೂರು ಲಕ್ಷ ನಿಮ್ಮ ಕೈಗೆ. ಹತ್ತಕ್ಕೆ ಮೂರು, ಅಂದ್ರೆ ಮೂವತ್ತು ಪರ್ಸೆಂಟ್ ಲಾಭ.” ಇಷ್ಟೂ ಅಚ್ಚ ಕನ್ನಡದಲ್ಲಿ, ನಮ್ಮ ಸೀಮೆಯ ಕನ್ನಡದಲ್ಲೇ. ಆಮೇಲೆ ಮುಂದೆ ಬಂದ ಕಾಗದದ ಕಟ್ಟು ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಪೆನ್ಸಿಲಿನಲ್ಲಿ ಗುರುತು ಮಾಡಿದಲ್ಲೆಲ್ಲ ಅಪ್ಪ ಸಹಿ ಹಾಕಿದರು. ಪ್ರಶ್ನೆಯನ್ನು ಎರಡು ಸಲ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ಜೀವನವಿಡೀ ಹೇಳಿಕೊಟ್ಟ ಮನುಷ್ಯ.

ಅಪ್ಪ ಅದನ್ನು ಠೇವಣಿ ಅಂದುಕೊಂಡಿದ್ದರು. ಅದು ವಿಮೆಯ ಪಾಲಿಸಿ. ಮರುವರ್ಷ ಎರಡನೇ ಕಂತಿನ ಮೆಸೇಜು ಬಂದಾಗಲೇ ನಮಗೆ ಗೊತ್ತಾದದ್ದು. ಪಾಲಿಸಿ ಕೈಗೆ ಬಂದ 15 ದಿನಗಳೊಳಗೆ ಬೇಡವೆಂದು ಹಿಂದಿರುಗಿಸಬಹುದಿತ್ತು. ಆ ಅವಧಿ ಈಗ 30 ದಿನವಾಗಿದೆ. ಆ ಮಾತು ಕೂಡ ಓದದ ಕಾಗದದ ಒಳಗೇ ಇತ್ತು. ಅಲ್ಲಿಗೇ ನಿಲ್ಲಿಸಿದರೆ ಕಟ್ಟಿದ ಎರಡು ಲಕ್ಷಕ್ಕೆ ಎಳ್ಳುನೀರು. “ಕಟ್ಟಿದ್ದು ಹೋಗುತ್ತಲ್ಲಮ್ಮ” ಎಂದು ಅಪ್ಪ ಕಂತು ಮುಂದುವರಿಸಿದರು.

ಬಿ.ಕಾಂ. ಮುಗಿಸಿ ಕನ್ನಡ ಎಂ.ಎ.ಗೆ ಬಂದವಳು ನಾನು. ನನಗೂ ಆಗ ಸರಿಯಾದ ಲೆಕ್ಕ ಹೊಳೆಯಲಿಲ್ಲ. ಈ ಪರೀಕ್ಷೆಗೆ ಓದುವಾಗ ಒಂದು ಸಂಜೆ ಕೂತು ಹಾಕಿ ನೋಡಿದೆ. ಐದು ವರ್ಷ ಎರಡೆರಡು ಲಕ್ಷ ಕಟ್ಟಿ, ಹತ್ತು ವರ್ಷ ತುಂಬಿದಾಗ ಹದಿಮೂರು ಲಕ್ಷ ಪಡೆದರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು ಶೇ. 3.3. ಅದೇ ಬ್ಯಾಂಕು, ಅದೇ ಕಟ್ಟಡದಲ್ಲಿ, ಹಿರಿಯ ನಾಗರಿಕರ ಠೇವಣಿಗೆ ಕೊಡುತ್ತಿದ್ದ ಬಡ್ಡಿ ಇದಕ್ಕಿಂತ ಎಷ್ಟೋ ಹೆಚ್ಚು. ಹುಡುಗ ಸುಳ್ಳು ಹೇಳಿರಲಿಲ್ಲ ಎಂಬುದೇ ಸಂಕಟ. ಹತ್ತಕ್ಕೆ ಮೂರು ಮೂವತ್ತೇ. ಅವನು ನುಂಗಿದ್ದು ಹತ್ತು ವರ್ಷವನ್ನು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ನಾನು ಪರೀಕ್ಷೆಗೆ ಕೂತೆ. ಅದರ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮಾವಳಿ ಬಂದದ್ದು 2013ರಲ್ಲಿ. ಅದಕ್ಕೆ ಸೆಬಿಯೇ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಎರಡು ಹಂತದ ಪರೀಕ್ಷೆ ಪಾಸಾಗಬೇಕು. ಒಂದೊಂದೂ ಮೂರು ಗಂಟೆ, 150 ಅಂಕ; ಪಾಸಾಗಲು ಶೇ. 60 ಬೇಕು, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಒಂದೊಂದಕ್ಕೂ ಮೂರು ಸಾವಿರ ರೂಪಾಯಿ ಶುಲ್ಕ, ಫೆಲೋಶಿಪ್ ತಡವಾದ ತಿಂಗಳಲ್ಲಿ ಸಣ್ಣ ಮೊತ್ತವಲ್ಲ. ಪ್ರಮಾಣಪತ್ರದ ಆಯಸ್ಸು ಮೂರೇ ವರ್ಷ. ಮೊದಲು ಐದು ವರ್ಷದ ಅನುಭವವೂ ಬೇಕಿತ್ತು. 2024ರ ಡಿಸೆಂಬರಿನ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟರು. 150 ಮಂದಿಯವರೆಗೆ ಸಲಹೆ ಕೊಡುವವರು ಒಂದು ಲಕ್ಷ ಠೇವಣಿ ಇಟ್ಟರೆ ಸಾಕೆಂದರು.

ಓದುವುದಕ್ಕೆ ಏನೇನಿದೆ ಎಂದು ಕೇಳಿದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ವಿಮೆ, ತೆರಿಗೆ, ನಿವೃತ್ತಿ, ಉಯಿಲು, ಸತ್ತ ಮೇಲೆ ಆಸ್ತಿ ಯಾರಿಗೆ ಹೋಗಬೇಕು ಎಂಬುದು, ಜಾಣರೂ ದುಡ್ಡಿನ ವಿಷಯದಲ್ಲಿ ಹೇಗೆ ಎಡವುತ್ತಾರೆ ಎಂಬುದು. ಕಟ್ಟಿದ್ದು ಹೋಗುತ್ತಲ್ಲ ಎಂಬ ಅಪ್ಪನ ಮಾತಿಗೂ ಅಲ್ಲಿ ಒಂದು ಹೆಸರಿದೆ. ಅರ್ಧ ಕಾದಂಬರಿಗಳ ಕಥಾವಸ್ತು ಆ ಪುಸ್ತಕದಲ್ಲಿ ಸಿಕ್ಕಿತು. ಸಲಹೆಗಾರನ ಮೊದಲ ಕರ್ತವ್ಯವನ್ನೂ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಮಾರುವವರ ಕಮಿಷನ್ನು ಮುಟ್ಟುವಂತಿಲ್ಲ, ಗ್ರಾಹಕನ ಹಿತವನ್ನೇ ನೋಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಫಿಡ್ಯೂಷಿಯರಿ ಎಂಬ ಬಾಯಿ ತುಂಬುವ ಹೆಸರು. ನಮ್ಮಜ್ಜಿಯಾಗಿದ್ದರೆ “ನಂಬಿ ಕೊಟ್ಟ ಗಂಟು” ಎಂದು ಮುಗಿಸುತ್ತಿದ್ದಳು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಈ ಎರಡೂ ಹಂತದ ಪರೀಕ್ಷೆ ಇಂಗ್ಲಿಷಿನಲ್ಲಿದೆ. ನಂಬಿ ಕೊಟ್ಟ ಗಂಟನ್ನು ಕಾಯುವ ಕೆಲಸಕ್ಕೆ ಪರವಾನಗಿ ಕೊಡುವವರು, ಕೊಟ್ಟವರ ಭಾಷೆಯಲ್ಲಿ ಆ ಗಂಟಿನ ಲೆಕ್ಕ ಹೇಳಲು ನಿನಗೆ ಬರುತ್ತದೆಯೇ ಎಂದು ಒಂದು ಅಂಕಕ್ಕೂ ಕೇಳುವುದಿಲ್ಲ. ನಾನು ಬಿಡಿಸಿದ ಅಭ್ಯಾಸದ ಪ್ರಶ್ನೆಗಳಲ್ಲಿ ಬರುವ ಸಂಸಾರಗಳೆಲ್ಲ ಪಟ್ಟಣದವು. ಗಂಡ ಹೆಂಡತಿ ಇಬ್ಬರಿಗೂ ತಿಂಗಳ ಸಂಬಳ, ಮಕ್ಕಳು ಓದಲು ವಿದೇಶಕ್ಕೆ ಹೋಗುವವರು. ಕೊಬ್ಬರಿಯ ರೇಟು ನೋಡಿಕೊಂಡು ಮದುವೆಯ ದಿನ ಗೊತ್ತು ಮಾಡುವ ಮನೆ, ಚೀಟಿ ಎತ್ತಿ ಫೀಸು ಕಟ್ಟುವ ತಾಯಿ, ಗಿರವಿಯಿಟ್ಟ ಸರ ಬಿಡಿಸಿಕೊಳ್ಳುವುದೇ ಹೂಡಿಕೆಯಾದ ಹೆಂಗಸು ನನಗಲ್ಲಿ ಸಿಗಲಿಲ್ಲ. ಸಲಹೆ ಬೇಕಾದದ್ದು ಹೆಚ್ಚಾಗಿ ಇವರಿಗೇ.

ದೇಶದಲ್ಲಿ ಡಿಮ್ಯಾಟ್ ಖಾತೆಗಳು 2024ರಲ್ಲೇ 15 ಕೋಟಿ ದಾಟಿದವು. ಕಮಿಷನ್ ಪಡೆದು ಮ್ಯೂಚುವಲ್ ಫಂಡ್ ಮಾರುವವರು ಲಕ್ಷ ಮೀರಿ ಇದ್ದಾರೆ. ಕಮಿಷನ್ ಮುಟ್ಟದೆ ಸಲಹೆ ಕೊಡುವ ನೋಂದಾಯಿತ ಸಲಹೆಗಾರರು ಇಡೀ ದೇಶಕ್ಕೆ ಸಾವಿರದ ಆಸುಪಾಸು. ಅವರಲ್ಲಿ ಕನ್ನಡದಲ್ಲಿ ಕೂತು ಮಾತಾಡುವವರನ್ನು ಹುಡುಕಿ ನೋಡಿ, ನನ್ನ ಮಾತು ಅರ್ಥವಾಗುತ್ತದೆ.

ಹಾಗಾದರೆ ದುಡ್ಡಿಗೆ ಕನ್ನಡ ಬರುವುದಿಲ್ಲವೇ? ಸೊಗಸಾಗಿ ಬರುತ್ತದೆ. ನನ್ನ ಪಕ್ಕದ ವಿಭಾಗದ ಹುಡುಗರ ಮೊಬೈಲಿನಲ್ಲಿ ದಿನಬೆಳಗಾದರೆ ಕನ್ನಡದಲ್ಲೇ ಟಿಪ್ಸ್ ಬರುತ್ತವೆ. ಯಾವ ಆಪ್ಷನ್ ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು, ತಿಂಗಳಿಗೆ ಲಕ್ಷ ಮಾಡುವುದು ಹೇಗೆ, ಎಲ್ಲವೂ ಅಣ್ಣ ತಮ್ಮನಿಗೆ ಹೇಳುವ ಧಾಟಿಯಲ್ಲಿ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023-24ರಲ್ಲಿ ಈ ಆಟಕ್ಕಿಳಿದವರಲ್ಲಿ ಶೇ. 43 ಮಂದಿ ಮೂವತ್ತು ವರ್ಷದ ಒಳಗಿನವರು, ಅಂದರೆ ಇದನ್ನು ಓದುತ್ತಿರುವ ನಿಮ್ಮ ವಯಸ್ಸಿನವರು. ಆ ಅಧ್ಯಯನದ ವರದಿ ಇಂಗ್ಲಿಷಿನಲ್ಲಿತ್ತು. ಟಿಪ್ಸ್ ಕನ್ನಡದಲ್ಲಿದ್ದವು. ಆಸೆ ಹುಟ್ಟಿಸುವ ಮಾತಿಗೆಲ್ಲ ಕನ್ನಡ ಬರುತ್ತದೆ. ಎಚ್ಚರ ಹೇಳುವ ಮಾತಿಗೆ ಮಾತ್ರ ಬರುವುದಿಲ್ಲ.

ಇದಕ್ಕೆ ಮುಂಬೈ, ದೆಹಲಿಯವರನ್ನು ಬೈದು ಸುಮ್ಮನಾಗಬಹುದು. ನಾನು ನಮ್ಮವರನ್ನೂ ಕೇಳಬೇಕಾಗಿದೆ. ನಮ್ಮ ಸಾಹಿತ್ಯ ವಲಯದಲ್ಲಿ ದುಡ್ಡಿನ ಮಾತೆಂದರೆ ಮೈಲಿಗೆ. ಬಡತನದ ಬಗ್ಗೆ ಬರೆಯಬಹುದು, ಬಡ್ಡಿಯ ದರದ ಬಗ್ಗೆ ಬರೆಯಬಾರದು. ಸೆಮಿನಾರಿನಲ್ಲಿ ಗೆಳೆಯರೊಬ್ಬರು ಇನ್ನೂ ಗಂಭೀರವಾದ ಆಕ್ಷೇಪ ಎತ್ತಿದರು: “ಜನರನ್ನು ಹೂಡಿಕೆದಾರರನ್ನಾಗಿ ಮಾಡುವುದೆಂದರೆ ಅವರನ್ನು ಬಂಡವಾಳದ ಬಾಲಕ್ಕೆ ಕಟ್ಟುವುದು. ನೀನು ಅದರ ದಲ್ಲಾಳಿಯಾಗುತ್ತೀಯ.” ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಟ್ಟುವ ಕೆಲಸ ಎಂದೋ ಮುಗಿದಿದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಕರ್ನಾಟಕ ಸರ್ಕಾರಿ ನೌಕರರಲ್ಲಿ ಬಹುತೇಕರು ಎನ್‌ಪಿಎಸ್‌ಗೆ ಸೇರಿದವರು. ಅವರ ಪಿಂಚಣಿಯ ಹಣದ ಒಂದು ಪಾಲು ಶೇರುಗಳಲ್ಲಿದೆ. ಶೇರುಪೇಟೆಯನ್ನು ಬೈದು ಪಾಠ ಮಾಡುವ ನಮ್ಮ ಕಿರಿಯ ಅಧ್ಯಾಪಕರ ಮುಪ್ಪು ಅಲ್ಲೇ ಇದೆ. ನೌಕರರು ಹಳೆ ಪಿಂಚಣಿಗಾಗಿ ಬೀದಿಗಿಳಿದದ್ದು ನ್ಯಾಯವೇ. ಆ ಹೋರಾಟ ಮಾಡುವುದಕ್ಕೂ ಲೆಕ್ಕ ಓದಲು ಬರಬೇಕು. ಓದಲಾರದವರು ಬಂಡವಾಳದಿಂದ ತಪ್ಪಿಸಿಕೊಂಡಿಲ್ಲ, ಅದರ ಬಾಯಿಗೆ ಕಣ್ಣು ಮುಚ್ಚಿಕೊಂಡು ಹೋಗಿದ್ದಾರೆ.

ಕನ್ನಡಕ್ಕೆ ಈ ಲೆಕ್ಕ ಹೊಸದೂ ಅಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಗೊತ್ತು: ಇಷ್ಟು ಗದ್ಯಾಣ ಮೂಲಧನ, ಅದರ ಬಡ್ಡಿಯಿಂದ ನಂದಾದೀಪ ಉರಿಯಬೇಕು, ಅಸಲಿಗೆ ಕೈ ಹಾಕಬಾರದು. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. 1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಹಣ ಕೂಡಿಸುವ ಪಿಗ್ಮಿ ಯೋಜನೆ ತಂದಾಗ, ಅದು ಗೆದ್ದದ್ದು ವಸೂಲಿಗೆ ಬರುವವನು ಬೀದಿಯ ಗುರುತಿನವನಾಗಿದ್ದದ್ದರಿಂದ, ಮನೆಯವರ ಮಾತಿನಲ್ಲಿ ಮಾತಾಡಿದ್ದರಿಂದ. ಇವತ್ತಿಗೂ ಪಿಗ್ಮಿ ಎಂಬುದು ನಮ್ಮೂರಿನ ಅಂಗಡಿ ಸಾಲಿನ ಮಾತು. ಅಸಲು, ಬಡ್ಡಿ, ಬಾಕಿ, ಜಾಮೀನು, ಭೋಗ್ಯ, ಗಿರವಿ, ಕೈಗಡ, ತಗಾದೆ: ಇಷ್ಟು ಮಾತುಗಳಿರುವ ಭಾಷೆಗೆ ಹೂಡಿಕೆಯ ಪರೀಕ್ಷೆ ಹೇಳಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬಂದರೆ ಅದು ಯಾರಿಗೂ ಅರ್ಥವಾಗದ ಕಚೇರಿ ಕನ್ನಡವಾಗುತ್ತದೆ ಎಂಬ ಭಯ ನನಗೂ ಇದೆ. ಅದಕ್ಕೇ ಈ ಕೆಲಸದಲ್ಲಿ ನಮ್ಮಂಥವರು ಬೇಕು. ಮ್ಯೂಚುವಲ್ ಫಂಡನ್ನು ಮ್ಯೂಚುವಲ್ ಫಂಡ್ ಎಂದೇ ಬರೆಯಲಿ. ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಸಂತೆಯ ಕನ್ನಡದಲ್ಲಿ ಬರೆಯಲಿ. ಆಗದ ಕೆಲಸವೇನಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು 2019ರಲ್ಲಿ ದಾರಿಯಾಯಿತು. ಕೌಂಟರಿನಲ್ಲಿ ಹಣ ಎಣಿಸುವವರು ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು. ಆ ಹಣವನ್ನು ಏನು ಮಾಡಬೇಕೆಂದು ಹೇಳುವವರು ಯಾಕೆ ಬರೆಯಬಾರದು?

ನಾನು ಕೇಳುವುದು ಮೂರೇ. ಪರೀಕ್ಷೆ ಕನ್ನಡದಲ್ಲೂ ಇರಲಿ. ಯಾವ ಭಾಷೆಯಲ್ಲಿ ಮಾರಿದರೋ ಅದೇ ಭಾಷೆಯ ಕಾಗದದ ಮೇಲೆ ಸಹಿ ಹಾಕಿಸಲಿ. ಮೂರನೆಯದು ನಮ್ಮದೇ ವಿಭಾಗಗಳಿಗೆ: ಹಳಗನ್ನಡದ ಪದ್ಯವನ್ನು ಬಿಡಿಸಿ ಅರ್ಥ ಹೇಳಲು ಕಲಿಸುವ ನಾವು, ಒಂದು ಪಾಲಿಸಿಯ ಕಾಗದವನ್ನು ಬಿಡಿಸಿ ಹೇಳಲೂ ಕಲಿಸೋಣ. ಬೇಕಾದ ವಿದ್ಯೆ ಒಂದೇ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಏನನ್ನು ಹೇಳದೆ ಬಿಟ್ಟಿದ್ದಾರೆ?

ಮೊದಲ ಹಂತ ಪಾಸಾಗಿದ್ದೇನೆ. ಎರಡನೆಯದು ಬರುವ ತಿಂಗಳು. ಹೋದ ಸಲ ಊರಿಗೆ ಹೋದಾಗ ಅಪ್ಪನ ಪಾಲಿಸಿಯನ್ನು ಬೀರುವಿನಿಂದ ತೆಗೆದು, ಅದರಲ್ಲಿರುವುದನ್ನೆಲ್ಲ ಕನ್ನಡದಲ್ಲಿ ಎರಡು ಹಾಳೆಯಷ್ಟು ಬರೆದುಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಓದಿದರು. ಎರಡು ಕಡೆ ನನ್ನ ಒತ್ತಕ್ಷರ ತಿದ್ದಿದರು. ಶೇ. 3.3 ಎಂದು ಬರೆದಿದ್ದಲ್ಲಿ ಪೆನ್ನು ನಿಂತಿತು. ಬಹಳ ಹೊತ್ತು ಸುಮ್ಮನಿದ್ದು, “ಇಷ್ಟೇನಾ ಇರೋದು? ಇದನ್ನ ಆವತ್ತೇ ಹಿಂಗೆ ಬರೆದುಕೊಟ್ಟಿದ್ರೆ ನಾನು ಸಹಿ ಹಾಕ್ತಿರಲಿಲ್ಲ” ಎಂದರು.

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಕಾಗದ ಇದ್ದೀತು. ಈ ಭಾನುವಾರ ಊರಿಗೆ ಹೋದಾಗ ತೆಗೆದು ನೋಡಿ. ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿ.