ವಠಾರದ ಮನೆಗಳೂ ಶ್ರಾವಕರ ಲೆಕ್ಕವೂ

ಬಸದಿಯ ಪಕ್ಕದ ಹಳೆಯ ವಠಾರವನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಿಸಬೇಕೆಂಬ ಠರಾವು ಟ್ರಸ್ಟುಗಳ ಸಭೆಗೆ ಬಂದಾಗ ವಿರೋಧಿಸುವವರು ವಿರಳ. ಬಾಡಿಗೆ ಅತ್ಯಲ್ಪ, ಹೆಂಚು ಸೋರುತ್ತದೆ, ಜೀರ್ಣೋದ್ಧಾರಕ್ಕೆ ಹಣ ಬೇಕು, ಕಾರಣಗಳೆಲ್ಲ ನಿಜವೇ. ಆದರೆ ಒಳಗಿರುವ ಸಂಸಾರಗಳ ಬಗ್ಗೆ ಅದರಲ್ಲಿ ಒಂದೇ ಮಾತಿರುತ್ತದೆ: ‘ಖಾಲಿ ಮಾಡಿಸತಕ್ಕದ್ದು’.

ಕಾನೂನು ಟ್ರಸ್ಟಿನ ಪರವಾಗಿದೆಯೆಂದು ಕಾರ್ಯದರ್ಶಿಗಳು ಸಮಾಧಾನ ಹೇಳುವುದುಂಟು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆದಾರನಿಗೆ ಹದಿನೈದು ದಿನಗಳ ನೋಟೀಸು ಸಾಕು. ಹದಿನೈದು ದಿನಗಳಲ್ಲಿ ಶಾಲೆಯ ಮಕ್ಕಳನ್ನೂ ಹಾಸಿಗೆ ಹಿಡಿದ ಮುದುಕಿಯನ್ನೂ ಎಲ್ಲಿಗೆ ಒಯ್ಯುವುದು? ಬೆಂಗಳೂರಿನಲ್ಲಾದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳೆಂದು ಮಿತಿ ಹಾಕಿದರೂ, ರಾಜ್ಯ ಅಂಗೀಕರಿಸುವವರೆಗೆ ಅದು ಬರಿಯ ಮಾದರಿ.

ಶ್ರಾವಕನ ಲೆಕ್ಕವು ಕಲಮಿನೊಂದಿಗೆ ಮುಗಿಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಕರಾರುಪತ್ರದಲ್ಲಿ ನಿಜಕ್ಕಿಂತ ಕಡಿಮೆ ಬಾಡಿಗೆ ಕಾಣಿಸುವುದು ಮೊದಲನೆಯದು. ಇನ್ನು ಮುಂಗಡವೆಂಬುದು ನ್ಯಾಸ. ಅದು ಟ್ರಸ್ಟಿನ ಆದಾಯವಲ್ಲ, ಋಣ. ಜಮಾಖರ್ಚು ಬರೆಯುವ ಗುಮಾಸ್ತನಿಗೂ ಇದು ಗೊತ್ತು. ಅದನ್ನು ಪಂಚಕಲ್ಯಾಣದ ಶಾಮಿಯಾನಕ್ಕೆ ಖರ್ಚು ಮಾಡಿ, ‘ಮುಂದಿನವರು ಬಂದ ಮೇಲೆ ಕೊಡುತ್ತೇವೆ’ ಎಂದು ಬಾಡಿಗೆದಾರನನ್ನು ಅಲೆಸುವುದು, ಸುಣ್ಣಬಣ್ಣದ ಹೆಸರಿನಲ್ಲಿ ಮನಬಂದಷ್ಟು ಮುರಿದುಕೊಳ್ಳುವುದು ಎರಡನೆಯದಲ್ಲದೆ ಮತ್ತೇನು? ಇಂಥವರು ಮರುದಿನ ಅಭಿಷೇಕದ ಸವಾಲು ಕೂಗುತ್ತಾರೆ!

ರತ್ನಕರಂಡ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನವೆಂದಿದ್ದಾರೆ. ಅದು ಮುನಿಗಳ ವೈಯಾವೃತ್ತ್ಯದ ಮಾತೆಂದು ಪಂಡಿತರು ಆಕ್ಷೇಪಿಸಬಹುದು, ಸರಿಯೇ. ಆದರೆ ಇಲ್ಲಿ ಯಾರೂ ಮನೆಯನ್ನು ದಾನವಾಗಿ ಬೇಡುತ್ತಿಲ್ಲ. ತಿಂಗಳು ತಿಂಗಳೂ ಬಾಡಿಗೆ ಎಣಿಸಿದವರು ಅವರು. ಮೂವತ್ತು ವರ್ಷ ಸಂದ ಬಾಡಿಗೆಯನ್ನು ಕೂಡಿಸಿ ಕಟ್ಟಿದ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ, ‘ಧರ್ಮಕ್ಕೆ ಇಟ್ಟುಕೊಂಡಿದ್ದೇವೆ’ ಎಂಬ ಮಾತು ಅನೇಕ ಟ್ರಸ್ಟುಗಳ ಬಾಯಲ್ಲಿ ನಿಲ್ಲಲಾರದು.

ಬಾಡಿಗೆದಾರರೆಲ್ಲ ಸಾಧುಗಳೆಂದಲ್ಲ. ಬಸದಿಯ ಮನೆಯನ್ನು ಹಳೆಯ ಬಾಡಿಗೆಗೆ ಹಿಡಿದು, ಒಳಬಾಡಿಗೆಗೆ ಕೊಟ್ಟು ಲಾಭ ತಿಂದವರೂ ಉಂಟು. ಅವರನ್ನು ನ್ಯಾಯಾಲಯದ ಮೂಲಕ ಬಿಡಿಸುವುದರಲ್ಲಿ ದೋಷವಿಲ್ಲ. ಅವರ ನೆಪದಲ್ಲಿ ಹೂ ಕಟ್ಟುವ ವಿಧವೆಯನ್ನು ಹೊರಹಾಕುವುದು ಬೇರೆ ಮಾತು.

ವಠಾರ ಕೆಡವಲೇಬೇಕಾದರೆ ಆರು ತಿಂಗಳ ಮೊದಲೇ ಲಿಖಿತವಾಗಿ ತಿಳಿಸಲಿ. ಪರೀಕ್ಷೆ ಮುಗಿಯುವ ಮುನ್ನ ಯಾವ ಮನೆಗೂ ಬೀಗ ಬೀಳದಿರಲಿ. ಸಾಮಾನು ಸಾಗಿಸುವ ಖರ್ಚನ್ನೂ ಟ್ರಸ್ಟು ಕೊಡಲಿ. ಹೊಸ ಕಟ್ಟಡದ ಮೇಲಂತಸ್ತಿನಲ್ಲಿ ಅದೇ ಸಂಸಾರಗಳಿಗೆ, ಅವರಿಂದಾಗುವ ಬಾಡಿಗೆಗೆ, ಮನೆಗಳನ್ನು ಕಾದಿರಿಸಿ ಠರಾವಿನಲ್ಲೇ ದಾಖಲಿಸಲಿ. ಕೆಳಗಿನ ಮಳಿಗೆಗಳ ಬಾಡಿಗೆಯಿಂದ ಮೇಲಿನ ಕೊರತೆ ತುಂಬುವುದು ವ್ಯಾಪಾರಿ ಸಮಾಜಕ್ಕೆ ಕಠಿಣ ಗಣಿತವೇನಲ್ಲ. ಮುಂಗಡವನ್ನಂತೂ ಬೀಗದಕೈ ಪಡೆಯುವ ದಿನವೇ, ಪಡೆಯುವ ಕೈಯಿಂದಲೇ ಹಿಂದಿರುಗಿಸತಕ್ಕದ್ದು.