ಬಾಂಬಿಗೆ ಬುದ್ಧನ ಹೆಸರಿಟ್ಟವರು

1974ರ ಮೇ 18ರಂದು ಪೋಖರಣದ ಮರಳಿನಡಿ ಈ ದೇಶದ ಮೊದಲ ಅಣುಸ್ಫೋಟ ನಡೆಯಿತು. ಅದು ಲೋಕಕ್ಕೆಲ್ಲ ಹೆಸರಾದದ್ದು ‘ನಗುವ ಬುದ್ಧ’ ಅಂತ. 1998ರಲ್ಲಿ ಮತ್ತೆ ಸಿಡಿಸಿದರಲ್ಲ, ಆ ಮೇ 11 ಬುದ್ಧಪೂರ್ಣಿಮೆಯ ದಿನ. 2025ರ ಮೇ ತಿಂಗಳಲ್ಲಿ ನಾಲ್ಕು ದಿನ ಕ್ಷಿಪಣಿ, ಡ್ರೋನು ಹಾರಾಡಿ ಕದನ ನಿಂತಿತು. ಆಮೇಲೆ ಪ್ರಧಾನಿಗಳು ದೇಶಕ್ಕೆ ಭಾಷಣ ಮಾಡಿದ್ದೂ ಬುದ್ಧಪೂರ್ಣಿಮೆಯಂದೇ. ಶಾಂತಿಯ ದಾರಿ ಶಕ್ತಿಯ ಮೂಲಕವೂ ಹೋಗುತ್ತದೆ ಎಂಬರ್ಥದ ಮಾತಾಡಿದರು. ಬುದ್ಧನನ್ನು ಈ ನೆಲದಿಂದ ಅಟ್ಟಿ, ಕೊನೆಗೆ ವಿಷ್ಣುವಿನ ಅವತಾರ ಮಾಡಿ ಮೂಲೆಗೆ ಕೂರಿಸಿದವರಿಗೆ ಮದ್ದುಗುಂಡಿನ ಹೊತ್ತಿಗೆ ಮಾತ್ರ ಅವನ ನೆನಪಾಗುತ್ತದೆ.

ನಮಗೆ ಬುದ್ಧ ಸಿಕ್ಕಿದ್ದು ಬಾಬಾಸಾಹೇಬರಿಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಅವರು ಹಿಡಿದ ಕೈ ಅದು. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸಿದ್ಧಾರ್ಥ ಮನೆ ಬಿಟ್ಟಿದ್ದು ಯಾಕೆ ಅಂತ ಬರೆದಿದ್ದಾರೆ. ಮುದುಕ, ರೋಗಿ, ಹೆಣ ಕಂಡು ಹೆದರಿ ಓಡಿಹೋದ ಕತೆಯನ್ನು ಅವರು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸಿಗೆ ಅಲ್ಲೀವರೆಗೂ ಹೆಣ ಕಂಡಿರಲಿಲ್ಲವಾ ಅಂತ ಕೇಳಿದರು.

ಅವರ ಪ್ರಕಾರ ನಡೆದದ್ದು ನೀರಿನ ಜಗಳ. ರೋಹಿಣಿ ನದಿಯ ನೀರಿಗೆ ಶಾಕ್ಯರಿಗೂ ಕೋಲಿಯರಿಗೂ ಹೊಡೆದಾಟ. ಶಾಕ್ಯರ ಸೇನಾಪತಿ ಯುದ್ಧ ಆಗಲೇಬೇಕು ಅಂದ. ಸಿದ್ಧಾರ್ಥ ಸಭೆಯಲ್ಲಿ ಎದ್ದು ನಿಂತು ಬೇಡ ಅಂದ. ಬಹುಮತ ಅವನ ಕಡೆ ಬೀಳಲಿಲ್ಲ. ಆಯುಧ ಹಿಡಿ ಅಂದರು, ಹಿಡಿಯೋದಿಲ್ಲ ಅಂದ. ಹಾಗಾದರೆ ನಿನ್ನ ಮನೆಯವರಿಗೆ ಬಹಿಷ್ಕಾರ ಹಾಕ್ತೀವಿ, ನಿನ್ನ ಹೊಲ ಕಿತ್ಕೊಳ್ತೀವಿ ಅಂದರು. ಓದ್ತಾ ಓದ್ತಾ ನಾವು ಇಲ್ಲಿ ನಿಂತುಬಿಟ್ಟೆವು. ಬಹಿಷ್ಕಾರ, ಹೊಲ ಕಸಿಯೋದು, ಇವು ನಮ್ಮ ಕೇರಿಗೆ ಗೊತ್ತಿಲ್ಲದ ಶಿಕ್ಷೆಗಳೇನು? ಮನೆಯವರನ್ನು ಬಿಟ್ಟುಬಿಡಿ, ನಾನೇ ಪರಿವ್ರಾಜಕನಾಗಿ ದೇಶ ಬಿಡ್ತೀನಿ ಅಂತ ಸಿದ್ಧಾರ್ಥ ಹೊರಟ. ಯುದ್ಧಕ್ಕೆ ಒಲ್ಲೆ ಅಂದವನು ಬುದ್ಧನಾದ. ಅಂಥವನ ಹೆಸರು ಬಾಂಬಿಗೆ!

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಹೊರಟ ಮೇಲೆ ಕಪಿಲವಸ್ತುವಿನಲ್ಲಿ ಹೆಂಗಸರು ಮಕ್ಕಳು ಬೀದಿಗಿಳಿದು ಯುದ್ಧ ಬೇಡ ಅಂತ ಮೆರವಣಿಗೆ ಮಾಡಿದರು, ರಾಜಿಯ ಮಾತು ಶುರುವಾಯಿತು. ಈ ಸುದ್ದಿ ಕೇಳಿದ ಸಿದ್ಧಾರ್ಥನಿಗೆ ಊರಿಗೆ ವಾಪಸ್ ಹೋಗಬಹುದಿತ್ತು. ಅವನು ಹೋಗಲಿಲ್ಲ. ರಾಜ್ಯ ರಾಜ್ಯಗಳ ಜಗಳ ಆಗೊಮ್ಮೆ ಈಗೊಮ್ಮೆ ಬರುತ್ತದೆ, ವರ್ಗ ವರ್ಗಗಳ ಜಗಳ ದಿನವೂ ಇರುತ್ತದೆ, ಅದರ ಬೇರು ಹುಡುಕಬೇಕು ಅಂತ ಮುಂದೆ ನಡೆದ. ಶಾಂತಿ ಶಾಂತಿ ಎನ್ನುವ ನಮ್ಮ ಪಟ್ಟಣದ ಗೆಳೆಯರು ಓದಬೇಕಾದ ಪುಟ ಇದು. ಮೇಣದಬತ್ತಿ ಹಚ್ಚಿ ಗಡಿಯ ಕಡೆ ಮುಖ ಮಾಡಿ ನಿಲ್ಲುವವರು ಬೆನ್ನ ಹಿಂದೆ ಏನಾಗಿದೆ ಅಂತ ತಿರುಗಿ ನೋಡುತ್ತಿಲ್ಲ.

ತಿರುಗಿದರೆ ಚಳ್ಳಕೆರೆ ಕಾಣುತ್ತದೆ. ಅಲ್ಲಿಯ ಅಮೃತ ಮಹಲ್ ಕಾವಲು ಮೊದಲಿಂದಲೂ ಸೈನ್ಯದ ನೆಂಟು ಇದ್ದ ನೆಲವೇ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆಯುವ ಎತ್ತುಗಳು ಈ ತಳಿಯವು, ಮೇಯುತ್ತಿದ್ದದ್ದು ಇಂಥ ಕಾವಲುಗಳಲ್ಲಿ. ಅರಸರು ಹೋದರು, ಹುಲ್ಲು ಉಳಿಯಿತು. ಬೇಡರ, ಕುರುಬರ, ಗೊಲ್ಲರ, ಹೊಲೆಮಾದಿಗರ ದನ ಕುರಿ ಅಲ್ಲಿ ಮೇಯ್ದವು. ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಕಂಬಳಿ, ಕಂಬಳಿ ಇದ್ದರೆ ಮನೆಯ ಒಲೆ ಉರೀತಿತ್ತು. ದೊಡ್ಡ ಉಳ್ಳಾರ್ತಿ, ಕುದಾಪುರದ ಸುತ್ತಿನ ಈ ನೆಲದಲ್ಲಿ ಸುಮಾರು 10 ಸಾವಿರ ಎಕರೆಯನ್ನು 2007ರಿಂದೀಚೆಗೆ ಸರ್ಕಾರ ಹಂಚಿಬಿಟ್ಟಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ, ಹೀಗೆ. ಊರವರಿಗೆ ಗೊತ್ತಾದದ್ದು ಗೋಡೆ ಏಳತೊಡಗಿದಾಗ. ಒಂದು ದಿನ ದನ ಹೊಡ್ಕೊಂಡು ಹೋದರೆ ದಾರಿಯೇ ಇಲ್ಲ! ಜನ ಹೋರಾಟ ಸಮಿತಿ ಕಟ್ಟಿದರು, ಚೆನ್ನೈನ ಹಸಿರು ನ್ಯಾಯಪೀಠದ ಮೆಟ್ಟಿಲು ಹತ್ತಿದರು. ಬೆಂಗಳೂರಿನ ಕೆಲವು ಪರಿಸರದ ಗೆಳೆಯರು ಜೊತೆ ನಿಂತರು, ಅದನ್ನು ಮರೆಯಬಾರದು. 2017ರ ಮೇ 28ರಂದು ರಕ್ಷಣಾ ಮಂತ್ರಿಗಳು ಬಂದು ಪೈಲಟ್ ಇಲ್ಲದ ವಿಮಾನ ಹಾರಿಸುವ ಪರೀಕ್ಷಾ ನೆಲೆಯನ್ನು ಉದ್ಘಾಟಿಸಿ ಹೋದರು. ನಾಡಿನಲ್ಲಿ ಇದು ಹುಲ್ಲಿನ ಪ್ರಶ್ನೆ, ಕೃಷ್ಣಮೃಗದ ಪ್ರಶ್ನೆ ಅಂತ ಚರ್ಚೆಯಾಯಿತು. ಯುದ್ಧದ ಪ್ರಶ್ನೆ ಅಂದವರು ಬೆರಳೆಣಿಕೆ ಮಂದಿ.

ಕಾರವಾರದ್ದೂ ಇದೇ ಪಾಡು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಕಲ್ಲು ಹಾಕಿದರು, ಸುಮಾರು 4 ಸಾವಿರ ಕುಟುಂಬ ಎದ್ದುಹೋಯಿತು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದಾಟ. ಜಾರ್ಖಂಡದ ಜಾದುಗೋಡಾದಲ್ಲಿ ಬಾಂಬಿನ ಯುರೇನಿಯಂ ಅಗೆಯುವ ಕೈ ಸಂತಾಲರದು, ಹೋ ಜನರದು. 1999ರಲ್ಲಿ ಶ್ರೀಪ್ರಕಾಶ್ ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರಕ್ಕೆ ಜಾದುಗೋಡಾದಲ್ಲಿ ಬುದ್ಧ ಅಳುತ್ತಾನೆ ಅಂತ ಹೆಸರಿಟ್ಟರು. ಸರ್ಕಾರ ಇಟ್ಟ ಹೆಸರಿಗೆ ತಕ್ಕ ಉತ್ತರ.

ನಮ್ಮವರೇ ಕೆಲವರು ಕೇಳ್ತಾರೆ: ಮಿಲಿಟ್ರಿ ಸೇರಿದ್ರೆ ತಾನೆ ನಮ್ಮ ಹುಡುಗನಿಗೆ ಊಟ, ಬಟ್ಟೆ, ಊರಗೌಡನ ಎದುರು ತಲೆ ಎತ್ತೋ ಧೈರ್ಯ? ನಿಜವಾದ ಮಾತು. ಇದಕ್ಕೆ ಉಪದೇಶದ ಉತ್ತರ ಕೊಡುವವರನ್ನು ನಾವು ನಂಬುವುದಿಲ್ಲ. ಬಾಬಾಸಾಹೇಬರ ತಂದೆಯೇ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಆ ಸಂಬಳ, ಆ ಓದು ಇಲ್ಲದಿದ್ದರೆ ಭೀಮರಾವ್ ಶಾಲೆಯ ಮುಖ ನೋಡುವುದು ಕಷ್ಟವಿತ್ತು. ಆದರೆ ಅದೇ ಸೈನ್ಯ 1890ರ ದಶಕದಲ್ಲಿ ಮಹಾರರ ಭರ್ತಿ ನಿಲ್ಲಿಸಿತು. ಮಹಾಯುದ್ಧ ಬಂದಾಗ 1917ರಲ್ಲಿ ಕರೆಯಿತು, ಯುದ್ಧ ಮುಗಿದ ಮೇಲೆ ಆ ತುಕಡಿ ಮುಚ್ಚಿತು, 1941ರಲ್ಲಿ ಮತ್ತೆ ಕರೆಯಿತು. 2022ರ ಅಗ್ನಿಪಥದಲ್ಲಿ ಈ ಕರೆಯುವ ಕಳಿಸುವ ಆಟಕ್ಕೆ ನಾಲ್ಕು ವರ್ಷ ಅಂತ ಲೆಕ್ಕ ಕಟ್ಟಿದ್ದಾರೆ. ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಉಳಿಸಿಕೊಳ್ಳುತ್ತಾರಂತೆ. ಉಳಿದವನು ಪಿಂಚಣಿಯಿಲ್ಲದೆ ಅದೇ ಕೇರಿಗೆ, ಅದೇ ಗೌಡನ ಎದುರಿಗೆ ಬರಬೇಕು. 2025-26ರಲ್ಲಿ ರಕ್ಷಣೆಗೆ ತೆಗೆದಿಟ್ಟದ್ದು 6 ಲಕ್ಷ 81 ಸಾವಿರ ಕೋಟಿ. ಇಷ್ಟು ಹಣ ಇರೋ ಮನೆಯಲ್ಲಿ ಆ ಹುಡುಗನ ಪಿಂಚಣಿಯೇ ಭಾರವಾಯಿತಾ?

ಹಿರೋಷಿಮಾ ದಿನ ಆಚರಿಸುವ ಗೆಳೆಯರಿಗೆ ನಮ್ಮದೊಂದು ಕೋರಿಕೆ. ಬರುವ ಆಗಸ್ಟ್ 6ರ ಸಭೆಯನ್ನು ಪಟ್ಟಣದ ಹಾಲಿನಲ್ಲಿ ಇಡಬೇಡಿ, ಚಳ್ಳಕೆರೆಯ ಆ ಗೋಡೆಯ ಹತ್ತಿರ ಬನ್ನಿ. ಮೈಕು ಕುರಿ ಕಾಯುವವರ ಕೈಗೆ ಕೊಡಿ, ನೀವು ಕೆಳಗೆ ಕೂತು ಕೇಳಿ. ಹಳ್ಳಿಯ ಮೇಷ್ಟ್ರುಗಳೇ, ಏಪ್ರಿಲ್ 14ರಂದು ಹಾರ ಹಾಕಿ ಸಿಹಿ ಹಂಚಿ ಮುಗಿಸುವ ಮುಂಚೆ ರೋಹಿಣಿ ನದಿಯ ಕತೆ ಮಕ್ಕಳಿಗೆ ಹೇಳಿ. ಬಹಿಷ್ಕಾರದ ಭಾಗ ಬಿಡದೆ ಹೇಳಿ.